ಮೋಟಾರ್ ನಡುಕ

ನಾಲ್ಕು ವರ್ಷ ನಾವು ಒಂದು ಮೋಟಾರಿಗೆ ಔಷಧೋಪಚಾರ ಮಾಡಿದೆವು. ರೋಗ ಇದ್ದದ್ದು ಮನುಷ್ಯನಿಗೆ.

ಇದನ್ನು ಕೇಳಿ ನಗುವವರು ನಗಲಿ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರು ಯಾರೂ ನಗುವುದಿಲ್ಲ. ಬೆಳಗಿಂದ ಸಂಜೆಯವರೆಗೆ ಮರ ತಿರುಗಿಸುವ ಲೇತಿನ ಮುಂದೆ ನಿಂತವನ ಮೈಯಲ್ಲಿ ಆ ಯಂತ್ರ ಒಂದಿಷ್ಟು ಉಳಿದುಕೊಳ್ಳುತ್ತದೆ. ಊಟದ ತಟ್ಟೆ ಹಿಡಿದರೆ ಬೆರಳು ಗುಂಯ್ ಅನ್ನುತ್ತವೆ. ಚಾಪೆಗೆ ಬೆನ್ನು ಕೊಟ್ಟರೆ ಎದೆಯೊಳಗೆ ಏನೋ ತಿರುಗುತ್ತಲೇ ಇರುತ್ತದೆ. ಇದಕ್ಕೆ ನಾವು ಮೋಟಾರ್ ನಡುಕ ಅನ್ನುತ್ತೇವೆ. ನೆಗಡಿಗೆ ಯಾರೂ ದೊಡ್ಡಾಸ್ಪತ್ರೆಗೆ ಹೋಗುವುದಿಲ್ಲ, ಮೋಟಾರ್ ನಡುಕಕ್ಕೂ ಹೋಗುವುದಿಲ್ಲ.

ಆ ಮನುಷ್ಯ ನನ್ನ ಗೆಳೆಯ ಹುಸೇನ. ಅವನಿಗೆ ಈಗ ಅರವತ್ತೊಂದು, ನನಗೆ ಅರವತ್ತಮೂರು. ಇಬ್ಬರೂ ಹುಸೇನನ ಅಪ್ಪನ ಕೈಕೆಳಗೆ ಉಳಿ ಹಿಡಿಯಲು ಕಲಿತವರು. ಹನ್ನೆರಡು ವರ್ಷದ ಹಿಂದೆ ನನ್ನ ಮಂಡಿ ಹೋಯಿತು. ನಿಂತು ಮಾಡುವ ಕೆಲಸ ಆಗದೆ ನಾನು ಲೇತ್ ಬಿಟ್ಟು ಮರಕ್ಕೆ ಬಂದೆ. ಕನಕಪುರ, ಮಾಗಡಿ ಕಡೆಯ ಹೊಲದ ಬದುಗಳಲ್ಲಿ ಆಲೆ ಮರ ಹುಡುಕಿ ತರುವುದು, ತುಂಡು ಮಾಡಿ ಒಣಗಿಸುವುದು, ಗೊಂಬೆಯವರಿಗೆ ಕೊಡುವುದು. ಗೊಂಬೆಗೆ ಆಲೆ ಮರವೇ ಆಗಬೇಕು. ಬೆಳ್ಳಗಿರುತ್ತದೆ, ಉಳಿಗೆ ಮೆತ್ತಗೆ ಸಿಗುತ್ತದೆ. ನನ್ನ ಮರದ ಶೆಡ್ಡಿಗೂ ಹುಸೇನನ ಕಾರ್ಖಾನೆಗೂ ನಡುವೆ ಇರುವುದು ಒಂದೇ ಗೋಡೆ, ಗೋಡೆಯಲ್ಲಿ ಒಂದು ಕಿಂಡಿ. ಆ ಕಿಂಡಿಯಲ್ಲಿ ಟೀ ಲೋಟ ಬರುತ್ತದೆ, ಬೈಗುಳ ಹೋಗುತ್ತದೆ. ಕಾರ್ಖಾನೆ ಅಂದರೆ ಹೆದರಬೇಡಿ, ಎರಡು ಲೇತು, ಒಂದು ಬಲ್ಬು, ಒಂದು ಗೋಡೆ ಗಡಿಯಾರ, ಅಷ್ಟೇ.

ಹುಸೇನನಿಗೆ ಒಂದು ಕೆಟ್ಟ ಅಭ್ಯಾಸ. ಉಳಿಯ ಹಿಡಿಯನ್ನು ಎಲ್ಲರೂ ಕೈಯಲ್ಲಿ ಅದುಮಿ ಹಿಡಿದರೆ ಅವನು ಹಿಡಿಯ ತುದಿಯನ್ನು ಎಡಗಡೆ ಎದೆಗೆ ಆನಿಸಿಕೊಂಡು ಕಡೆಯುತ್ತಾನೆ. ಹಾಗೆ ಮಾಡಿದರೆ ಉಳಿ ಕದಲುವುದಿಲ್ಲ, ಮರದ ಒಳಗುಟ್ಟು ಎದೆಗೇ ತಿಳಿಯುತ್ತದೆ ಎಂದು ಅವನ ವಾದ. ಅವರಪ್ಪ ಇದಕ್ಕಾಗಿ ಎಷ್ಟೋ ಸಲ ತಲೆಗೆ ಮೊಟಕಿದ್ದರು, ಅವನು ಬಿಡಲಿಲ್ಲ. ಅವನ ಬುಗುರಿಗಳು ನಮ್ಮೂರಿನ ಯಾರ ಬುಗುರಿಗಿಂತಲೂ ಹೆಚ್ಚು ಹೊತ್ತು ನಿಂತು ತಿರುಗುತ್ತವೆ ಎಂಬುದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಕಿಂಡಿಯಿಂದ ಕೇಳಿಸಿಕೊಂಡು ಜಗಳಕ್ಕೆ ಬರುತ್ತಾನೆ.

ಐದಾರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನೇ ಶುರು ಮಾಡಿದ.

“ಲಿಂಗ, ಉಳಿ ಹಿಡಿ ಕುಣೀತಾ ಐತೆ ಕಣ್ಲಾ. ಒಸಿ ಹೊತ್ತು ಸುಮ್ಕಿರ್ತದೆ, ಆಮೇಲೆ ತಾಳ ಇಲ್ಲ ಮೇಳ ಇಲ್ಲ, ಹೊಡ್ಕತದೆ.”

“ಬೇರಿಂಗ್ ಹೋಗಿರ್ತದೆ. ಲೋಕೇಶನ್ನ ಕರೆಸು,” ಅಂದೆ.

ಲೋಕೇಶ ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್, ಭಾನುವಾರ ನಮ್ಮ ಕಡೆಯ ಮೋಟಾರುಗಳನ್ನು ನೋಡುತ್ತಾನೆ. ಬಂದು ಬೇರಿಂಗ್ ಹಾಕಿದ. ಹತ್ತು ದಿನ ಹುಸೇನ ಸುಮ್ಮನಿದ್ದ, ಹನ್ನೊಂದನೆಯ ದಿನ ಮತ್ತೆ ಅದೇ ರಾಗ. ಮೋಟಾರಿನ ಕೆಳಗೆ ರಬ್ಬರ್ ಕೊಟ್ಟದ್ದಾಯಿತು, ಬೆಲ್ಟ್ ಬದಲಾಯಿಸಿದ್ದಾಯಿತು, ನೆಲ ಒಡೆದು ಹೊಸದಾಗಿ ಕಾಂಕ್ರೀಟ್ ಹಾಕಿದ್ದಾಯಿತು. ಮರುವರ್ಷ ಇನ್ನೊಂದು ಸಲ ಬೇರಿಂಗ್. ಕೊನೆಗೆ ಲೋಕೇಶ ಕೈಮುಗಿದ. “ಮೋಟಾರ್ ಮದ್ವೆ ಗಂಡಿನಂಗೈತೆ ಸಾಬ್ರೆ. ಇನ್ನೇನ್ ಮಾಡ್ಲಿ ನಾನು?”

ಆ ದಿನ ಹುಸೇನ ನನ್ನ ಶೆಡ್ಡಿಗೆ ಬಂದು ಮರದ ರಾಶಿಯ ಮೇಲೆ ಕುಳಿತ. “ಮೋಟಾರ್ ಆಫ್ ಮಾಡಿದ್ರೂ ಎದೇಲಿ ಇರ್ತದೆ ಕಣ್ಲಾ,” ಅಂದ.

ಅವತ್ತು ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವನು ಡಾಕ್ಟರ ಹತ್ತಿರ ಹೋಗುತ್ತಿದ್ದನೋ ಏನೋ. ಆದರೆ ಎಲ್ಲ ಬಲ್ಲವನಂತೆ ಮಾತಾಡುವುದು ನನ್ನ ಹುಟ್ಟುಗುಣ.

“ನಂಗಿಲ್ವೇನ್ಲಾ? ಲೇತ್ ಬುಟ್ಟು ಏಳೆಂಟು ವರ್ಷ ಆಯ್ತು. ಈಗ್ಲೂ ಮಲಿಕ್ಕಂಡ್ರೆ ಎದೆ ಗುಡುಗುಡು ಅಂತದೆ. ಮೂಳೆ ಕುಡ್ಕೊಂಡ್ಬುಟ್ಟದೆ ಆ ನಡುಕಾನ. ಅದೇನ್ ರೋಗ್ವಾ? ನಾನೇನ್ ಸತ್ನಾ?”

ಅವನ ಮುಖ ತಿಳಿಯಾಯಿತು. ಟೀ ಕುಡಿದು ಎದ್ದುಹೋದ. ಒಬ್ಬನಿಗೆ ಧೈರ್ಯ ಹೇಳಿದೆ ಎಂದು ನನಗೂ ಹೆಮ್ಮೆಯಾಯಿತು.

ಆಮೇಲಾಮೇಲೆ ಅವನು ಮಸೀದಿಯ ನಾಲ್ಕು ಮೆಟ್ಟಿಲು ಹತ್ತುವುದಕ್ಕೂ ಏದುಸಿರು ಬಿಡತೊಡಗಿದ. ಅದನ್ನು ಮರದ ಪುಡಿಯ ತಲೆಗೆ ಕಟ್ಟಿದೆವು. ನನಗೂ ಮರ ಹೊರುವಾಗ ಉಸಿರು ಸಿಕ್ಕಿಕೊಳ್ಳುತ್ತಿತ್ತು. ನನ್ನದನ್ನು ಬೀಡಿಯ ತಲೆಗೆ ಕಟ್ಟಿದೆ.

ಹೋದ ವರ್ಷ ಮಾರ್ಚ್ ತಿಂಗಳು. ಹನ್ನೊಂದು ಗಂಟೆಗೆ ಕಿಂಡಿಯಲ್ಲಿ ಬಗ್ಗಿ “ಟೀ ಬೇಕೇನ್ಲಾ?” ಎಂದು ಕೂಗಿದೆ. ಹುಸೇನ ಏನೋ ಅಂದ. ಬಾಯಲ್ಲಿ ಬಿಸಿ ಮುದ್ದೆ ಇಟ್ಟುಕೊಂಡವನ ಹಾಗೆ ಮಾತು ತೊದಲಿತ್ತು. ಹಲ್ಲಿಲ್ಲದ ಮುದುಕರನ್ನು ಅಣಕಿಸುವುದರಲ್ಲಿ ಅವನು ಎತ್ತಿದ ಕೈ. ಅದೇ ಇರಬೇಕೆಂದು ನಾನೂ ನಕ್ಕು ಹಾಗೇ ತೊದಲಿ ಉತ್ತರ ಕೊಟ್ಟೆ. ಆಗ ಉಳಿ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಗೊಂಬೆಯವನು ಮಗುವನ್ನಾದರೂ ಕೈಬಿಟ್ಟಾನು, ಉಳಿಯನ್ನು ಬಿಡುವುದಿಲ್ಲ. ಓಡಿಹೋದೆ. ಅವನ ಬಾಯಿ ಒಂದು ಪಕ್ಕಕ್ಕೆ ಇಳಿದಿತ್ತು. ಬಲಗೈ ಜೋತುಬಿದ್ದಿತ್ತು. ಕಣ್ಣಲ್ಲಿ ಮಾತ್ರ ಎಲ್ಲ ಗೊತ್ತಿತ್ತು.

ಕಾಲು ಗಂಟೆಯಲ್ಲಿ ಕೈ ಬಂತು, ಮಾತೂ ಬಂತು. “ಯಾಕ್ ನಗ್ತಿದ್ದೆ ನೀನು?” ಅವನು ಆಡಿದ ಮೊದಲ ಮಾತು ಅದು. ಇವತ್ತಿಗೂ ಅದನ್ನು ನೆನೆಸಿಕೊಂಡರೆ ನನಗೆ ನಾಚಿಕೆಯಾಗುತ್ತದೆ.

ಅವನ ಹೆಂಡತಿ ಖತೀಜಾ ಒಂದು ಕಡೆ, ನಾನು ಒಂದು ಕಡೆ ಹಿಡಿದು ಊರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಇಸಿಜಿ ತೆಗೆದು ಕಾಗದವನ್ನು ಎರಡು ಸಲ ನೋಡಿದರು.

“ಎಷ್ಟು ದಿನದಿಂದ ಎದೆ ಹೀಗೆ ಹೊಡ್ಕೊಳ್ತಾ ಇದೆ?”

“ಅದು ಎದೇದಲ್ಲ ಸಾರ್, ಮೋಟಾರ್‌ದು,” ಅಂದ ಹುಸೇನ.

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಅಲ್ಲಿಂದ ಬೆಂಗಳೂರಿನ ದೊಡ್ಡಾಸ್ಪತ್ರೆ. ಬೆಳಗಿನ ರೈಲಿಗೆ ಹೋಗಿ, ಸಾಲಲ್ಲಿ ನಿಂತು, ಸ್ಕ್ಯಾನು ಮಾಡಿಸಿ, ನಾಲ್ಕನೆಯ ಸಲಕ್ಕೆ ಆಪರೇಷನ್ ಮಾಡುವ ಡಾಕ್ಟರು ಸಿಕ್ಕಿದರು. ಅವರ ಹೆಸರು ರುದ್ರಪ್ರಸಾದ್. ಅವಸರವಿಲ್ಲದ ಮನುಷ್ಯ, ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದರು. ಅಂಥವರು ಅಪರೂಪ.

“ಚಿಕ್ಕವರಿದ್ದಾಗ ಕೀಲು ಊದಿ ಜ್ವರ ಬಂದಿತ್ತಾ?”

“ಬಂದಿತ್ತು ಸಾರ್. ಎರಡ್ ತಿಂಗ್ಳು ಚಾಪೆ ಬುಟ್ಟು ಎದ್ದಿರ್ಲಿಲ್ಲ.”

“ಅದರದೇ ಕೆಲಸ. ಹೃದಯದ ಒಂದು ವಾಲ್ವ್ ಗಟ್ಟಿಯಾಗಿ ಕಿರಿದಾಗಿದೆ. ರಕ್ತ ಮುಂದಕ್ಕೆ ಹೋಗದೆ ಹಿಂದಿನ ಕೋಣೆ ಹಿಗ್ಗಿದೆ. ಆ ಕೋಣೆ ಈಗ ಬಡಿಯೋದಿಲ್ಲ, ಬರೀ ನಡುಗುತ್ತೆ. ನಡುಗೋ ಕಡೆ ರಕ್ತ ನಿಂತು ಹೆಪ್ಪಾಗುತ್ತೆ. ಅಂಥದ್ದೊಂದು ಚೂರು ಮಾರ್ಚಿನಲ್ಲಿ ನಿಮ್ಮ ತಲೆಗೆ ಹೋಗಿತ್ತು. ಪುಣ್ಯ, ಕರಗಿತು.”

ನಡುಗುತ್ತೆ ಎಂಬ ಮಾತು ಕೇಳಿ ಹುಸೇನ ನನ್ನ ಕಡೆ ತಿರುಗಿದ. ಈ ಕೋಣೆಯ ಗೋಡೆಯಲ್ಲಿ ಕ್ಯಾಲೆಂಡರೂ ಇರಲಿಲ್ಲ.

ವಾಲ್ವ್ ಬದಲಾಯಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ ಎಂದರು ಡಾಕ್ಟರು. ಲೋಹದ ವಾಲ್ವ್ ಹಾಕಿದರೆ ಸಾಯುವವರೆಗೂ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಮಾತ್ರೆಯನ್ನೂ ಸಾಯುವವರೆಗೂ ನುಂಗಬೇಕು. ಹುಸೇನ ತನ್ನ ಎರಡು ಕೈಯನ್ನೂ ಮೇಜಿನ ಮೇಲೆ ಚಾಚಿದ. ಬೆರಳು ಬೆರಳಿಗೂ ಉಳಿಯ ಗೀರು.

“ವಾರಕ್ಕೊಂದ್ ಗಾಯ ಆಯ್ತದೆ ಸಾರ್ ನಮಗೆ. ಆ ಮಾತ್ರೆ ತಕ್ಕೊಂಡ್ರೆ?”

“ರಕ್ತ ಬೇಗ ನಿಲ್ಲೋದಿಲ್ಲ. ಮಾತ್ರೆ ಇರುವಷ್ಟು ದಿನ ಲೇತ್ ಬಿಡಬೇಕು.”

“ಅದಾಗಾಕಿಲ್ಲ.”

ಇನ್ನೊಂದು ದಾರಿ ಇತ್ತು. ದನದ ಹೃದಯದ ಸುತ್ತ ಇರುವ ಪೊರೆಯಿಂದ ಮಾಡಿದ ವಾಲ್ವ್. ಅದು ಹನ್ನೆರಡು ಹದಿನೈದು ವರ್ಷಕ್ಕೆ ಸವೆಯಬಹುದು, ಆಗ ಮತ್ತೆ ಆಪರೇಷನ್ ಆಗಬಹುದು. ಆದರೆ ಅದಕ್ಕೆ ಮಾತ್ರೆ ಮೂರು ತಿಂಗಳು ಸಾಕು. ತೊಡಕು ಇದ್ದದ್ದು ನಡುಕದಲ್ಲಿ. ನಡುಕ ಹಾಗೇ ಉಳಿದರೆ ಯಾವ ವಾಲ್ವ್ ಹಾಕಿದರೂ ಮಾತ್ರೆ ತಪ್ಪದು.

“ಹೇಗೂ ಹೃದಯ ತೆರೆದಿರುತ್ತೇವೆ. ಆಗಲೇ ನಡುಕಕ್ಕೂ ಒಂದು ಕೆಲಸ ಮಾಡಬಹುದು. ಆ ಕೋಣೆಯ ಗೋಡೆಯಲ್ಲಿ ಕರೆಂಟು ಅಡ್ಡಾದಿಡ್ಡಿ ಓಡ್ತಾ ಇದೆ. ನಾವು ಅಲ್ಲಲ್ಲಿ ಸುಟ್ಟು ಗೆರೆ ಎಳೀತೀವಿ. ಸುಟ್ಟ ಗೆರೆಯನ್ನ ಕರೆಂಟು ದಾಟೋದಿಲ್ಲ. ಕೊನೆಗೆ ಅದಕ್ಕೆ ಉಳಿಯೋದು ಒಂದೇ ದಾರಿ.”

ಹುಸೇನ ಮುಂದಕ್ಕೆ ಬಗ್ಗಿದ. “ಗೊಂಬೆಗೆ ಬಣ್ಣ ಹಾಕುವಾಗ ಕೆಂಪು ಅರಗು ಹಳದಿ ಅರಗಿಗೆ ದಾಟ್ಬಾರ್ದು ಅಂತ ನಾವು ಮಧ್ಯ ಗೆರೆ ಕೊರೀತೀವಿ ಸಾರ್. ಅಂಗಾ?”

ಡಾಕ್ಟರಿಗೆ ಅರಗಿನ ವಿಷಯ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಂಡು, “ಹೂಂ, ಹಾಗೇನೇ,” ಎಂದರು. ಹೆಪ್ಪುಗಟ್ಟುವ ಮೂಲೆ ಒಂದಿದೆಯಂತೆ, ಚೀಲದ ಹಾಗೆ. ಅದನ್ನೂ ಹೊಲಿದು ಮುಚ್ಚುತ್ತಾರಂತೆ. ಇದಕ್ಕೆಲ್ಲ ಹೃದಯವನ್ನು ಇನ್ನೂ ಅರ್ಧ ಗಂಟೆ ಹೆಚ್ಚಿಗೆ ನಿಲ್ಲಿಸಬೇಕು. ಹುಸೇನನಂಥವರಲ್ಲಿ ನೂರಕ್ಕೆ ಅರವತ್ತು ಎಪ್ಪತ್ತು ಜನಕ್ಕೆ ತಾಳ ಸರಿಹೋಗುತ್ತದೆ.

“ಉಳಿದೋರ್ಗೆ?”

“ಮಾತ್ರೆ ಇರುತ್ತೆ. ಲೇತ್ ಇರೋದಿಲ್ಲ.”

ಹೊರಗಿನ ಬೆಂಚಿನ ಮೇಲೆ ಖತೀಜಾ ಸಿಡಿದಳು. “ಅರ್ಧ ಗಂಟೆ ಜಾಸ್ತಿ ಹೃದಯ ನಿಲ್ಸ್ತಾರಂತೆ, ಯಾತಕ್ಕೆ? ಬುಗುರಿ ಮಾಡಾಕೆ! ನನ್ ಬದ್ಲು ಆ ಲೇತ್‌ನೇ ನಿಕಾ ಮಾಡ್ಕೊಬೇಕಾಗಿತ್ತು ಇವ್ರು. ನೀವಾದ್ರೂ ಹೇಳಣ್ಣಾ.”

ನಾನು ಅವಳ ಕಡೆಯೇ ನಿಂತೆ. ನನಗೆ ಬೇಕಾಗಿದ್ದದ್ದು ಹುಸೇನ, ಅವನ ಬುಗುರಿಯಲ್ಲ. ಲೋಹದ್ದು ಹಾಕಿಸಿಕೊಂಡು ಜೀವ ಉಳಿಸಿಕೋ ಎಂದೆ.

“ಉಳಿಸ್ಕೊಂಡು ಜಗುಲಿ ಮ್ಯಾಲೆ ಕುಂತು ನೊಣ ಹೊಡೀಲಾ? ನಿಂಗೆ ಮಂಡಿ ಹೋದಾಗ ಮರ ಸಿಕ್ತು ಲಿಂಗ. ನಂಗಿನ್ನೇನ್ ಬತ್ತದೆ?” ಎಂದ. ಆಮೇಲೆ ನನ್ನ ಕಡೆ ತಿರುಗಿ, “ನಾಕು ವರ್ಷ ನಿನ್ ಮಾತು ಕೇಳಿದೀನಿ. ಇದೊಂದ್ ಸಲ ನನ್ ಮಾತು ನಡೀಲಿ,” ಅಂದ.

ಖತೀಜಾ ಸೆರಗಿನಿಂದ ಮುಖ ಒರೆಸಿಕೊಂಡು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದಳು.

ಜುಲೈ ತಿಂಗಳ ಒಂದು ಮಂಗಳವಾರ ಆಪರೇಷನ್. ನನ್ನ ಹೆಂಡತಿ ಮಂಗಳಗೌರಿ ಊರಿನ ಶಿವನ ಗುಡಿಯಿಂದ ವಿಭೂತಿ ಪೊಟ್ಟಣ ಕಳಿಸಿದ್ದಳು, ಖತೀಜಾ ಅದನ್ನು ತಾನು ಜಪ ಎಣಿಸುವ ತಸ್ಬಿ ಮಣಿಯ ಜೊತೆಗೇ ಪರ್ಸಿನಲ್ಲಿ ಇಟ್ಟುಕೊಂಡಳು. ಎಂಟು ಗಂಟೆಗೆ ಒಳಗೆ ಕರೆದುಕೊಂಡು ಹೋದರು. ಎದೆ ಸೀಳಿ, ಹೃದಯ ನಿಲ್ಲಿಸಿ, ಅದರ ಕೆಲಸವನ್ನು ಒಂದು ಯಂತ್ರಕ್ಕೆ ಒಪ್ಪಿಸುತ್ತಾರೆ ಎಂದು ನರ್ಸ್ ಹೇಮಶ್ರೀ ಮೊದಲೇ ವಿವರಿಸಿದ್ದಳು. ಆ ಯಂತ್ರದ ಮೋಟಾರಿಗೆ ಬೇರಿಂಗ್ ಯಾರು ಹಾಕುತ್ತಾರೋ ಎಂದು ನಾನು ಯೋಚಿಸುತ್ತಾ ಕುಳಿತೆ. ಹೆದರಿದಾಗ ನನ್ನ ತಲೆ ಹೀಗೆಯೇ ಓಡುತ್ತದೆ.

ಎರಡೂವರೆಗೆ ರುದ್ರಪ್ರಸಾದ್ ಹೊರಗೆ ಬಂದರು. ವಾಲ್ವ್ ಕೂತಿದೆ, ಗೆರೆ ಎಳೆದಿದ್ದೇವೆ, ಚೀಲ ಮುಚ್ಚಿದ್ದೇವೆ ಎಂದರು. “ಮತ್ತೆ ಶುರು ಮಾಡಿದಾಗ ಹೃದಯ ತಾನಾಗೇ ಸರಿಯಾದ ತಾಳಕ್ಕೆ ಬಂತು. ಆದರೆ ಈಗಲೇ ಹಿಗ್ಗಬೇಡಿ. ಮೂರು ತಿಂಗಳು ಕಳೀಲಿ.”

ಅವರ ಬಾಯಿಂದ ಬಂದ ಹಾಗೆಯೇ ಆಯಿತು. ಮೂರನೆಯ ದಿನ ತಾಳ ತಪ್ಪಿತು, ಔಷಧಿ ಕೊಟ್ಟು ಸರಿಮಾಡಿದರು. ಹನ್ನೆರಡನೆಯ ದಿನ ಮನೆಗೆ ಕಳಿಸಿದರು. ಮನೆಗೆ ಬಂದ ಮರುದಿನ ಬೆಳಿಗ್ಗೆ ಹುಸೇನ ಖತೀಜಾಳನ್ನು ಕೂಗಿ ಕರೆದು, “ನಿಂತೋಗೈತೆ ನೋಡು, ಏನೂ ಗೊತ್ತಾಗ್ತಿಲ್ಲ,” ಎಂದು ಎದೆ ತೋರಿಸಿದನಂತೆ. ನಾಲ್ಕೈದು ವರ್ಷದಿಂದ ಒಳಗೆ ಗಲಾಟೆ ಕೇಳಿ ಕೇಳಿ ಅಭ್ಯಾಸವಾದವನಿಗೆ ಸುಮ್ಮನಿರುವ ಹೃದಯ ಸತ್ತುಹೋದಂತೆ ಕಂಡಿತ್ತು.

ಹೇಮಶ್ರೀ ಅವನಿಗೆ ನಾಡಿ ಹಿಡಿಯಲು ಕಲಿಸಿ ಕಳಿಸಿದ್ದಳು. ಹೆಬ್ಬೆರಳ ಬುಡದ ಕೆಳಗೆ ಮೂರು ಬೆರಳು ಇಡಬೇಕು, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಬೇಕು, ಒಂದೇ ಅಳತೆಯಲ್ಲಿ ಬರುತ್ತಿದೆಯೋ ಇಲ್ಲವೋ ಗಮನಿಸಬೇಕು. ಅವನು ದಿನಾ ಬೆಳಿಗ್ಗೆ ಕಾರ್ಖಾನೆಗೆ ಬಂದು, ನಿಂತ ಲೇತಿನ ಪಕ್ಕ ಕುಳಿತು, ಗೋಡೆ ಗಡಿಯಾರ ನೋಡುತ್ತಾ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಎಪ್ಪತ್ತೆರಡು, ಸರಿ. ಎಪ್ಪತ್ತು, ಸರಿ. ಮರದ ಗಂಟು ಬೆರಳಲ್ಲೇ ಹುಡುಕುವವನಿಗೆ ನಾಡಿ ಯಾವ ಮಹಾ ವಿದ್ಯೆ?

ಖತೀಜಾ ಉಳಿಗಳನ್ನೆಲ್ಲ ತನ್ನ ಟ್ರಂಕಿನಲ್ಲಿ ಹಾಕಿ ಬೀಗ ಜಡಿದಳು. ತರಕಾರಿ ಹೆಚ್ಚುವ ಚಾಕುವನ್ನೂ ಅವನ ಕೈಗೆ ಕೊಡುತ್ತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ರಕ್ತ ಪರೀಕ್ಷೆ. ಆ ಮಾತ್ರೆಗೆ ಸೊಪ್ಪು ಹೆಚ್ಚು ಕಡಿಮೆಯಾದರೆ ಆಗುವುದಿಲ್ಲವಂತೆ, ಆದ್ದರಿಂದ ಸೊಪ್ಪಿಗೂ ಮಿತಿ. “ಹಾಕ್ಸ್ಕೊಂಡಿರೋದು ದನದ ವಾಲ್ವು, ಸೊಪ್ಪು ತಿನ್ನಂಗಿಲ್ಲ. ಇದ್ಯಾವ ನ್ಯಾಯ?” ಎಂದು ಕಿಂಡಿಯಲ್ಲಿ ಕೇಳಿದೆ. ಅವನು ನಕ್ಕ, ನಕ್ಕರೆ ಎದೆಯ ಹೊಲಿಗೆ ನೋಯುತ್ತದೆಂದು ಬೈದ.

ಮೂರನೆಯ ವಾರದಲ್ಲಿ ಒಂದು ದಿನ ಅವನು ನಗಲಿಲ್ಲ. ನೋಟ್‌ಬುಕ್ಕಿನಲ್ಲಿ ನೂರಹದಿನೆಂಟು ಎಂದು ಬರೆದು, ಪಕ್ಕದಲ್ಲಿ ‘ಸರಿ ಇಲ್ಲ’ ಎಂದು ಬರೆದಿದ್ದ. ಎರಡು ದಿನ ಹಾಗೇ ಇತ್ತು. ಆಸ್ಪತ್ರೆಗೆ ಫೋನ್ ಮಾಡಿದರೆ, ಸುಟ್ಟ ಗಾಯ ಮಾಗುವವರೆಗೆ ಹೀಗೆ ಬಂದು ಹೋಗುತ್ತದೆ, ಮೊದಲ ಮೂರು ತಿಂಗಳು ಲೆಕ್ಕಕ್ಕಿಲ್ಲ ಎಂದು ಹೇಳಿ ತಾಳದ ಔಷಧಿ ಹೆಚ್ಚಿಸಿದರು. ಹುಸೇನ ಆ ಎರಡು ದಿನ ಲೇತಿನ ಮೇಲೆ ಗೋಣಿಚೀಲ ಹೊದಿಸಿಟ್ಟಿದ್ದ. ಹೆಣಕ್ಕೆ ಹೊದಿಸಿದ ಹಾಗೆ ಕಾಣುತ್ತಿತ್ತು, ನನಗೆ ನೋಡಲಾಗಲಿಲ್ಲ. ಮೂರನೆಯ ದಿನ ಎಪ್ಪತ್ತನಾಲ್ಕು, ಸರಿ. ಆಮೇಲೆ ತಪ್ಪಲಿಲ್ಲ.

ನವೆಂಬರಿನಲ್ಲಿ ಕೊನೆಯ ಪರೀಕ್ಷೆ. ಎದೆಗೆ ವೈರು ಅಂಟಿಸಿ, ಸೊಂಟಕ್ಕೆ ಒಂದು ಪುಟ್ಟ ಡಬ್ಬಿ ಕಟ್ಟಿ ಕಳಿಸಿದರು. ಇಪ್ಪತ್ತನಾಲ್ಕು ಗಂಟೆ ಅದು ಹೃದಯದ ಪ್ರತಿ ಬಡಿತವನ್ನೂ ಬರೆದುಕೊಳ್ಳುತ್ತದೆ. ಅದರಲ್ಲಿ ತಾಳ ಸರಿಯಿದ್ದರೆ ಮಾತ್ರೆ ಬಿಡಬಹುದು. ತಪ್ಪಿದ್ದರೆ ಲೇತಿಗೆ ಗೋಣಿಚೀಲವೇ ಗತಿ. “ಸ್ನಾನ ಒಂದು ಬಿಟ್ಟು ದಿನಾ ಏನ್ ಮಾಡ್ತೀರೋ ಅದನ್ನೇ ಮಾಡಿ ಯಜಮಾನ್ರೆ,” ಎಂದಳಂತೆ ಹೇಮಶ್ರೀ.

ಮರುದಿನ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡೇ ಹುಸೇನ ನನ್ನ ಶೆಡ್ಡಿಗೆ ಬಂದ.

“ದಿನಾ ಮಾಡೋದು ಮಾಡು ಅಂದವ್ರೆ. ನಾನ್ ದಿನಾ ಮಾಡೋದು ಯಾವ್ದು? ಲೇತ್. ಅದರ ಮುಂದೆ ನಿಂತಾಗ್ಲೇ ನಡುಕ ಬತ್ತಿದ್ದಿದ್ದು. ಸುಮ್ಕೆ ಕುಂತು ಪರೀಕ್ಷೆ ಮುಗಿಸಿದ್ರೆ ಮೋಸ ಕಣ್ಲಾ ಅದು.”

“ಖತೀಜಾ ನಿನ್ನ ಕೈಗೆ ಉಳಿ ಕೊಡಾಕಿಲ್ಲ.”

“ನಂಗೆ ಬ್ಯಾಡ. ನಿಂಗೆ ಕೊಡ್ತಾಳೆ. ನೀನು ಕಡಿ, ನಾನು ಅರಗು ಹಾಕ್ತೀನಿ. ಅರಗಿನ ಕಡ್ಡಿ ಕುಯ್ಯಾಕಿಲ್ಲ.”

ಖತೀಜಾ ಬಹಳ ಹೊತ್ತು ಬೈದು ಒಂದೇ ಒಂದು ಉಳಿಯನ್ನು ನನ್ನ ಕೈಗೆ ಕೊಟ್ಟಳು. ಹನ್ನೆರಡು ವರ್ಷದ ಮೇಲೆ ನಾನು ಲೇತಿನ ಮುಂದೆ ನಿಂತೆ. ಮಂಡಿ ಹಿಡಿಯಿತು, ಕೈ ಮರೆತಿತ್ತು. ಹುಸೇನ ಪಕ್ಕದಲ್ಲಿ ನಿಂತು ಒಂದೇ ಸಮ ಬೈಯುತ್ತಿದ್ದ. ಮೊದಲನೆಯ ಬುಗುರಿ ತುಂಬು ಬಸುರಿಯ ಹೊಟ್ಟೆಯ ಹಾಗೆ ಬಂತು. ಅದಕ್ಕೇ ಅವನು ಕೆಂಪು ಅರಗಿನ ಕಡ್ಡಿ ಒತ್ತಿ ಹಿಡಿದ. ತಿರುಗುವ ಮರದ ಬಿಸಿಗೆ ಅರಗು ಕರಗಿ ಬಣ್ಣ ಹತ್ತಿತು. ಆಮೇಲೆ ಒಣಗಿದ ತಾಳೆಗರಿ ಒತ್ತಿ ಹೊಳಪು ತಂದ. ನಾಲ್ಕು ತಿಂಗಳ ಮೇಲೆ ಅವನ ಮುಖದಲ್ಲಿ ಆ ಹೊಳಪು ನೋಡಿದೆ. ಎರಡನೆಯದು ಪರವಾಗಿಲ್ಲ ಅನ್ನುವಂತಿತ್ತು. ಮೂರನೆಯದಕ್ಕೆ ನನ್ನ ಉಸಿರು ಸಿಕ್ಕಿಕೊಂಡಿತು, ಉಳಿ ಜಾರಿ ಎಡಗೈಯ ಹೆಬ್ಬೆರಳ ಬುಡವನ್ನು ಸೀಳಿತು.

ಹುಸೇನ ಹೆಗಲ ಮೇಲಿನ ಟವೆಲ್ ಎಳೆದು ಗಾಯಕ್ಕೆ ಒತ್ತಿದ, ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದ. ಬೈಯುತ್ತಲೇ ಇದ್ದವನು ಇದ್ದಕ್ಕಿದ್ದಂತೆ ಬೈಯುವುದನ್ನು ನಿಲ್ಲಿಸಿದ. ಅವನ ಮೂರು ಬೆರಳು ನನ್ನ ಮಣಿಕಟ್ಟಿನ ಮೇಲೆ ಒಸಿ ಸರಿದು ಕೂತವು.

“ಮೋಟಾರ್ ಆಫ್ ಮಾಡು,” ಅಂದ.

ಬಲಗೈ ಚಾಚಿ ಸ್ವಿಚ್ ಒತ್ತಿದೆ. ಲೇತ್ ತಿರುಗಿ ತಿರುಗಿ ನಿಂತಿತು. ಹುಸೇನ ಗೋಡೆ ಗಡಿಯಾರವನ್ನೇ ನೋಡುತ್ತಿದ್ದ.

“ಏನ್ಲಾ?”

“ಮಾತಾಡ್ಬ್ಯಾಡ.”

ಒಂದು ನಿಮಿಷ ಕಳೆಯಿತು. ಅವನು ಮತ್ತೆ ಮೊದಲಿಂದ ಎಣಿಸಿದ. ಆಮೇಲೆ ಟವೆಲ್ಲನ್ನು ನನ್ನ ಬಲಗೈಗೆ ಒಪ್ಪಿಸಿ, ಕೆಳಗೆ ಬಿದ್ದಿದ್ದ ಉಳಿಯನ್ನು ಎತ್ತಿ, ಅಲಗಿಗೆ ಗೋಣಿಚೀಲ ಸುತ್ತಿ, ಹಿಡಿಯ ತುದಿಯನ್ನು ನನ್ನ ಎಡಗಡೆ ಎದೆಗೆ ಆನಿಸಿದ. ಅದರ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿಕೊಂಡ, ಮರದ ಒಳಗುಟ್ಟು ಕೇಳುವಾಗ ಮಾಡುವ ಹಾಗೆ.

“ಗಾಯ ನೋಡಿ ಹೆದ್ರಿದೀನಿ ಕಣ್ಲಾ, ಅದ್ಕೆ,” ಅಂದೆ.

“ಹೆದ್ರಿದ್ರೆ ಜೋರಾಗಿ ಹೊಡ್ಕತದೆ, ತಾಳ ತಪ್ಪಾಕಿಲ್ಲ.” ಅವನು ಕಣ್ಣು ತೆರೆದ. ಕಣ್ಣಲ್ಲಿ ನೀರಿತ್ತು. “ಇದೇ ಕಣ್ಲಾ ಲಿಂಗ. ನಂಗಿದ್ದಿದ್ದು ಇದೇ. ನಂಗೂ ಐತೆ, ನಂಗೂ ಐತೆ ಅಂತಿದ್ದೆಯಲ್ಲಾ. ನಿಂಗೂ ಐತೆ.”

ನಾನು ಅಲ್ಲೇ ಮರದ ಹೊಟ್ಟಿನ ಮೇಲೆ ಕುಳಿತುಬಿಟ್ಟೆ. ಸಾವಿನ ಹೆದರಿಕೆ ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ಆ ದಿನದ ಮಾತು ನೆನಪಾಯಿತು. ನಾನು ಅವನಿಗೆ ಸುಳ್ಳು ಹೇಳಿರಲಿಲ್ಲ. ನನ್ನ ರೋಗವನ್ನೇ ತೋರಿಸಿ, ನೋಡು, ಇದೇ ಆರೋಗ್ಯ ಎಂದು ಅವನನ್ನು ನಂಬಿಸಿದ್ದೆ. ಅವನೂ ನಂಬಿ ಬಾಯಿ ಸೊಟ್ಟಗಾಗುವವರೆಗೆ ಕೆಲಸ ಮಾಡಿದ್ದ.

ಗಾಯಕ್ಕೆ ಮೂರು ಹೊಲಿಗೆ ಬಿತ್ತು. ಅದೇ ಊರಿನ ಡಾಕ್ಟರು, ಅದೇ ಇಸಿಜಿ ಯಂತ್ರ. ಕಾಗದ ನೋಡಿ ಅವರು ಕೇಳುವ ಮೊದಲೇ ನಾನು, “ಮೋಟಾರ್‌ದಲ್ಲ ಸಾರ್,” ಎಂದೆ.

ಮುಂದಿನ ಶುಕ್ರವಾರ ಇಬ್ಬರೂ ಒಂದೇ ರೈಲಿನಲ್ಲಿ ಹೋದೆವು. ಡಬ್ಬಿ ಬರೆದುಕೊಂಡದ್ದನ್ನು ರುದ್ರಪ್ರಸಾದ್ ಹಾಳೆ ಹಾಳೆ ತಿರುವಿ ನೋಡಿದರು. ಲೇತಿನ ಮುಂದೆ ನಿಂತಿದ್ದ ಹೊತ್ತೂ ಅದರಲ್ಲಿತ್ತು, ನನ್ನ ಕೈ ಹಿಡಿದಿದ್ದ ಹೊತ್ತೂ ಇತ್ತು. ಆ ಹೊತ್ತಿನಲ್ಲಿ ಅವನ ಬಡಿತ ಸ್ವಲ್ಪ ಜೋರಾಗಿತ್ತು, ತಾಳ ಮಾತ್ರ ಒಂದು ಕಡೆಯೂ ತಪ್ಪಿರಲಿಲ್ಲ. ಮತ್ತೊಮ್ಮೆ ಸ್ಕ್ಯಾನು ನೋಡಿ ರಕ್ತದ ಮಾತ್ರೆ ನಿಲ್ಲಿಸಿ ಎಂದರು. ನಾಡಿ ನೋಡುವುದನ್ನು ನಿಲ್ಲಿಸಬೇಡಿ ಎಂದರು. ಪಕ್ಕದ ಕೋಣೆಯ ಡಾಕ್ಟರು ನನ್ನನ್ನು ನೋಡಿದರು. ನನ್ನ ವಾಲ್ವುಗಳು ಚೆನ್ನಾಗಿವೆಯಂತೆ, ಎದೆ ತೆರೆಯಬೇಕಾಗಿಲ್ಲ. ಆದರೆ ನಡುಕವಿದೆ, ಬಿ.ಪಿ. ಇದೆ, ವಯಸ್ಸಾಗಿದೆ. ಅವನ ಮಾತ್ರೆ ನಿಂತ ದಿನವೇ ನನ್ನ ಮಾತ್ರೆ ಶುರುವಾಯಿತು. ಮನೆಗೆ ಬಂದಾಗ ಮಂಗಳಗೌರಿ ನನ್ನ ಕೊಡಲಿ, ಮಚ್ಚು, ಗರಗಸ ಎಲ್ಲವನ್ನೂ ಒಂದು ಕೋಣೆಗೆ ಸೇರಿಸಿ ಬೀಗ ಹಾಕಿದ್ದಳು. ಖತೀಜಾ ಹೇಳಿಕೊಟ್ಟಿರಬೇಕು. ಈಗ ಮರ ಕಡಿಯಲು ಆಳು ಬರುತ್ತಾನೆ, ನಾನು ಕುರ್ಚಿಯ ಮೇಲೆ ಕುಳಿತು ತಪ್ಪು ಹುಡುಕುತ್ತೇನೆ.

ಪರೀಕ್ಷೆಯ ದಿನದಿಂದ ಲೇತಿಗೆ ಮತ್ತೆ ಹೊದಿಸಿಟ್ಟಿದ್ದ ಗೋಣಿಚೀಲವನ್ನು ಸೋಮವಾರ ಹುಸೇನ ತೆಗೆದ. ಕಿಂಡಿಯಲ್ಲಿ ನನ್ನ ತಲೆ, ಬಾಗಿಲಲ್ಲಿ ಟ್ರಂಕಿನ ಬೀಗ ತೆಗೆದು ಉಳಿ ತಂದುಕೊಟ್ಟ ಖತೀಜಾ. ಹೊಸ ವಾಲ್ವಿನ ಮೇಲೆ ಒತ್ತಲು ಮನಸ್ಸು ಬಾರದೆ ಹಿಡಿಯನ್ನು ಈ ಸಲ ಬಲಗಡೆಗೆ ಆನಿಸಿಕೊಂಡ. ಮೋಟಾರ್ ಶುರುವಾಯಿತು. ಉಳಿ ಮರಕ್ಕೆ ತಾಗಿತು. ಅವನ ಹುಬ್ಬು ಗಂಟಿಕ್ಕಿತು.

“ನಡುಗ್ತಾ ಐತೆ,” ಅಂದ.

ಖತೀಜಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹುಸೇನ ಸ್ವಿಚ್ ಒತ್ತಿದ, ಮಣಿಕಟ್ಟಿಗೆ ಬೆರಳಿಟ್ಟು ಗಡಿಯಾರ ನೋಡಿದ. ಪೂರ್ತಿ ಒಂದು ನಿಮಿಷ ಎಣಿಸಿದ.

“ಎಪ್ಪತ್ತೆರಡು, ಸರಿ,” ಅಂದ. ಆಮೇಲೆ ಮೋಟಾರಿನ ಮೇಲೆ ಅಂಗೈ ಇಟ್ಟು ತಟ್ಟಿದ. “ಈ ಸಲ ಇದರದ್ದೇ. ಬೇರಿಂಗ್ ಹೋಗೈತೆ. ಲೋಕೇಶಂಗೆ ಫೋನ್ ಮಾಡು ಕಣ್ಲಾ.”

ಫೋನ್ ತೆಗೆಯಲು ನಾನು ಜೇಬಿಗೆ ಕೈ ಹಾಕಿದೆ. ಅಷ್ಟರಲ್ಲಿ ಕಿಂಡಿಯಿಂದ ಅವನ ಕೈ ಈಚೆಗೆ ಬಂತು, ಅಂಗೈ ಮೇಲಾಗಿ, ಟೀ ಲೋಟ ಕೇಳುವ ಹಾಗೆ.

“ಲೋಕೇಶ ಆಮೇಲೆ. ಮೊದ್ಲು ನಿನ್ ಕೈ ಕೊಡು,” ಅಂದ. ಕೊಟ್ಟೆ. ಅವನು ಎಣಿಸಿ, ಅದೇ ನೋಟ್‌ಬುಕ್ಕನ್ನು ತಿರುಗಿಸಿ, ಕೊನೆಯ ಹಾಳೆಯಲ್ಲಿ ನನ್ನ ಹೆಸರು ಬರೆದು, ಅದರ ಕೆಳಗೆ ತೊಂಬತ್ತಾರು, ಸರಿ ಇಲ್ಲ ಎಂದು ಬರೆದ.